ನಾಲ್ಕು ಸಲ ಎದ್ದು ಹೋದ ಬೀದಿ

ಲಂಡನ್ ನಗರದ ಒಂದು ಹಳೆಯ ನಕ್ಷೆಯಿದೆ. ಚಾರ್ಲ್ಸ್ ಬೂತ್ ಎಂಬ ಹಡಗು ವ್ಯಾಪಾರಿ 1886ರಲ್ಲಿ ಆರಂಭಿಸಿ 1903ರವರೆಗೆ ನಡೆಸಿದ ಒಂದು ದೊಡ್ಡ ಸಮೀಕ್ಷೆಯ ಫಲ ಅದು. ಹದಿನೇಳು ಸಂಪುಟಗಳಷ್ಟಾದ ಆ ಸಮೀಕ್ಷೆಯಲ್ಲಿ ಲಂಡನ್ನಿನ ಒಂದೊಂದು ಬೀದಿಗೂ ಒಂದೊಂದು ಬಣ್ಣ ಕೊಟ್ಟಿದ್ದಾರೆ. ಸಿರಿವಂತರ ಬೀದಿಗೆ ಹಳದಿ, ನಡುವರ್ಗದವರಿಗೆ ಕೆಂಪು, ಹೇಗೋ ಉಂಡುಟ್ಟು ಇರುವವರಿಗೆ ಗುಲಾಬಿ, ಉಳ್ಳವರೂ ಇಲ್ಲದವರೂ ಬೆರೆತಿರುವಲ್ಲಿ ನೇರಳೆ, ಬಡವರಿಗೆ ತಿಳಿನೀಲಿ, ಕಡುಬಡವರಿಗೆ ಕಡುನೀಲಿ. ಕಟ್ಟಕಡೆಯವರಿಗೆ ಕಪ್ಪು. ಆ ಕಪ್ಪು ಬೀದಿಗಳವರನ್ನು ಬೂತ್ ಅರೆ ಅಪರಾಧಿಗಳೆಂದೇ ಕರೆದ. ಲಂಡನ್ನಿನ ಜನರಲ್ಲಿ ನೂರಕ್ಕೆ 30ಕ್ಕಿಂತ ಹೆಚ್ಚು ಮಂದಿ ಬಡತನದಲ್ಲಿದ್ದಾರೆಂದು ಈ ಸಮೀಕ್ಷೆ ತೋರಿಸಿದಾಗ, ಜಗತ್ತಿನ ಅತಿ ಶ್ರೀಮಂತ ನಗರ ತಾನೆಂದು ಬೀಗುತ್ತಿದ್ದ ಊರು ಬೆಚ್ಚಿಬಿತ್ತು.

ಬೂತ್ ಈ ಮಾಹಿತಿಯನ್ನು ಬಡವರ ಬಾಯಿಂದಲೇ ಕೇಳಿ ಬರೆದದ್ದು ಕಡಿಮೆ. ಮಕ್ಕಳು ಶಾಲೆಗೆ ಬರುತ್ತಾರೋ ಇಲ್ಲವೋ ಎಂದು ಮನೆಮನೆಗೆ ಹೋಗಿ ನೋಡುತ್ತಿದ್ದ ಶಾಲಾ ಮಂಡಳಿಯ ನೌಕರರು ಹೇಳಿದ್ದನ್ನು ಮೊದಲು ಬರೆದುಕೊಂಡ. ಮುಂದೆ ಅವನ ಕಡೆಯವರು ಠಾಣೆಯ ಪೊಲೀಸರ ಜೊತೆ ಬೀದಿ ಸುತ್ತಿ ಬಣ್ಣಗಳನ್ನು ತಿದ್ದಿದರು. ಒಂದು ಬೀದಿಯ ಬಣ್ಣವನ್ನು ತೀರ್ಮಾನಿಸಿದ ಕಣ್ಣು ಯಾರದು ಎಂಬ ಪ್ರಶ್ನೆ ಅಂದಿನಿಂದ ಇಂದಿನವರೆಗೂ ಉಳಿದಿದೆ. ಹಾಗಿದ್ದರೂ ಆ ದೇಶದವರು ಈ ಲೆಕ್ಕವನ್ನು ಕೈಬಿಡಲಿಲ್ಲ. 2019ರಲ್ಲಿ ಹೊರಬಂದ ಕೊರತೆಯ ಸೂಚ್ಯಂಕದಲ್ಲಿ ಇಂಗ್ಲೆಂಡನ್ನು 32,844 ತುಣುಕುಗಳಾಗಿ ಮಾಡಿದ್ದಾರೆ. ಒಂದು ತುಣುಕೆಂದರೆ ಸರಾಸರಿ ಒಂದೂವರೆ ಸಾವಿರ ಜನ, ಅಂದರೆ ನಾಲ್ಕಾರು ಬೀದಿ. ಆದಾಯ, ಉದ್ಯೋಗ, ಶಿಕ್ಷಣ, ಆರೋಗ್ಯ, ಮನೆ ಇವುಗಳಲ್ಲಿ ಆ ನಾಲ್ಕಾರು ಬೀದಿಗಳು ದೇಶದಲ್ಲಿ ಎಷ್ಟನೆಯ ಸ್ಥಾನದಲ್ಲಿವೆ ಎಂದು ಅಲ್ಲಿ ಯಾರು ಬೇಕಾದರೂ ನೋಡಬಹುದು. 2001ರ ಜನಗಣತಿಯಿಂದ ಅಲ್ಲಿ ಧರ್ಮದ ಪ್ರಶ್ನೆಯನ್ನೂ ಕೇಳುತ್ತಿರುವುದರಿಂದ, ಮುಸಲ್ಮಾನರು ಹೆಚ್ಚಾಗಿರುವ ಬೀದಿಗಳು ಯಾವ ಸ್ಥಿತಿಯಲ್ಲಿವೆ ಎಂಬುದನ್ನೂ ಊಹೆಯಿಂದ ಹೇಳಬೇಕಾಗಿಲ್ಲ.

ಇಂಥದೊಂದು ಲೆಕ್ಕವನ್ನು ಶರಾವತಿಯ ಆಚೀಚೆ, ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳಲ್ಲಿ ಹಾಕಲು ಕುಳಿತರೆ ಏನಾಗುತ್ತದೆ? ಈ ಪ್ರಶ್ನೆ ನಮ್ಮನ್ನು ಬಹಳ ದಿನಗಳಿಂದ ಕಾಡುತ್ತಿದೆ. ಅದಕ್ಕೆ ಸಿಕ್ಕ ಉತ್ತರದಲ್ಲಿ ನಾನೂರು ವರ್ಷಗಳ ಚರಿತ್ರೆಯಿದೆ.

ಮಲೆನಾಡಿಗೆ ಬೀದಿ ಬಂದದ್ದು

ಮಲೆನಾಡಿನ ಸಹಜ ವಸತಿಯಲ್ಲಿ ಬೀದಿಗೆ ಜಾಗವಿಲ್ಲ. ಬಯಲುಸೀಮೆಯ ಹಳ್ಳಿಯಂತೆ ಇಲ್ಲಿ ಗೋಡೆಗೆ ಗೋಡೆ ತಾಗಿಸಿ ಮನೆ ಕಟ್ಟುವುದಿಲ್ಲ. ಅಡಿಕೆ ತೋಟದ ತಲೆಯ ಮೇಲೆ ಒಂದು ಮನೆ, ಗದ್ದೆಯ ಅಂಚಿನಲ್ಲಿ ಒಂದು ಮನೆ, ಗುಡ್ಡ ಹತ್ತಿ ಇಳಿದರೆ ಮತ್ತೊಂದು. ಊರು ಎಂದರೆ ನಾಲ್ಕೈದು ಮನೆ, ಒಂದು ಕಾನು, ಒಂದು ಹಳ್ಳ. ಒಕ್ಕಲಿಗರು, ಹವ್ಯಕರು, ದೀವರು ಎಲ್ಲರದೂ ಹೆಚ್ಚುಕಮ್ಮಿ ಇದೇ ಬಗೆ. ಇಂಥ ನಾಡಿನಲ್ಲಿ ಬೀದಿ ತಾನಾಗಿ ಹುಟ್ಟುವುದಿಲ್ಲ. ಅರಸ ಬಂದು ಕೋಟೆ ಕಟ್ಟಬೇಕು, ಇಲ್ಲವೆ ಮೆಣಸು ಅಡಿಕೆಗಳ ವ್ಯಾಪಾರ ಬಂದು ನಾಲ್ಕು ದಾರಿ ಕೂಡಬೇಕು, ಇಲ್ಲವೆ ಜಾತ್ರೆಗೆ ಜನ ಸೇರಬೇಕು.

ಹಾಗೆ ಹುಟ್ಟಿದ ಬೀದಿಗೆ ಬಂದು ನೆಲೆಸಿದವರು ಯಾರು? ಭೂಮಿಯಿದ್ದವರಿಗೆ ಬೀದಿ ಬೇಕಿರಲಿಲ್ಲ. ಭೂಮಿ ಇಲ್ಲದ, ಕೈಯಲ್ಲಿ ಕಸುಬಿದ್ದ ಜನ ಬೀದಿಗೆ ಬಂದರು. ಅಕ್ಕಸಾಲಿ, ಕಂಚುಗಾರ, ಗುಡಿಗಾರ, ನೇಕಾರ, ಗಾಣಿಗ, ಡೋಲು ಬಡಿಯುವವನು, ಸಿಪಾಯಿ, ಗಾಡಿ ಹೊಡೆಯುವವನು, ಬಳೆ ಮಾರುವವನು. ಈ ಭಾಗದ ಮುಸಲ್ಮಾನರಲ್ಲಿ ಹೆಚ್ಚಿನವರು ಈ ಪಟ್ಟಿಗೆ ಸೇರಿದವರೇ. ನಮ್ಮವರ ಚರಿತ್ರೆಯನ್ನು ತೋಟದ ಪಹಣಿಯಲ್ಲಿ ಹುಡುಕಿದರೆ ಅಲ್ಲೊಂದು ಇಲ್ಲೊಂದು ಹೆಸರು ಸಿಕ್ಕೀತು. ಬೀದಿಯಲ್ಲಿ ಹುಡುಕಿದರೆ ಮಾತ್ರ ಅದು ಕಣ್ಣಿಗೆ ಬೀಳುತ್ತದೆ. ಆದರೆ ಬೀದಿಯ ದಾಖಲೆಯನ್ನು ಬರೆದಿಟ್ಟವರು ಬಹಳ ಕಡಿಮೆ.

ಇಕ್ಕೇರಿ, 1623

ಪಿಯೆತ್ರೊ ದೆಲ್ಲಾ ವಲ್ಲೆ ಎಂಬ ಇಟಲಿಯ ಪ್ರವಾಸಿ 1623ರ ನವೆಂಬರಿನಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಗೇರುಸೊಪ್ಪೆಯ ಘಟ್ಟ ಹತ್ತಿ ಇಕ್ಕೇರಿಗೆ ಬಂದ. ಆಗ ಇಕ್ಕೇರಿ ಕೆಳದಿ ಅರಸು ವೆಂಕಟಪ್ಪ ನಾಯಕನ ರಾಜಧಾನಿ. ಊರಿಗೆ ಮೂರು ಸುತ್ತಿನ ಬೇಲಿ. ಮೊದಲ ಎರಡು ಗೋಡೆಯಲ್ಲ, ಒತ್ತೊತ್ತಾಗಿ ಬೆಳೆಸಿದ ಎತ್ತರದ ಬಿದಿರು ಮೆಳೆ; ಮೂರನೆಯದು ಮಾತ್ರ ಗೋಡೆ, ಅದೂ ದುರ್ಬಲವಾದದ್ದು. ಒಳಗೆ ಉದ್ದುದ್ದ ಬೀದಿಗಳು, ದೊಡ್ಡ ದೊಡ್ಡ ಮರಗಳ ನೆರಳು, ಅಲ್ಲಲ್ಲಿ ಕೆರೆಗಳು, ನಡುನಡುವೆ ತೋಪು. ಊರು, ಕೆರೆ, ಹೊಲ, ಕಾಡು ಎಲ್ಲ ಬೆರೆತಂತಿದ್ದ ಆ ನೋಟ ಅವನಿಗೆ ಬಹಳ ಇಷ್ಟವಾಯಿತು. ಮನೆಗಳು ಮಾತ್ರ ಇಷ್ಟವಾಗಲಿಲ್ಲ. ಅವು ಒಂದಕ್ಕೊಂದು ದೂರ, ಕಟ್ಟಿದ ರೀತಿಯೂ ಚೆನ್ನಾಗಿಲ್ಲ, ಮೂರನೆಯ ಬೇಲಿಯ ಹೊರಗಿನವಂತೂ ಇನ್ನೂ ಕಳಪೆ ಎಂದು ಬರೆದಿಟ್ಟ.

ಮೂರನೆಯ ಬೇಲಿಯ ಒಳಗೆ ಯಾರು, ಹೊರಗೆ ಯಾರು ಎಂಬುದೇ ಒಂದು ನಕ್ಷೆ. ಬೂತ್ ಬಣ್ಣ ಹಚ್ಚುವುದಕ್ಕೆ ಇನ್ನೂರ ಅರವತ್ತು ವರ್ಷ ಮೊದಲೇ ಇಕ್ಕೇರಿಯ ಬೇಲಿ ಆ ಕೆಲಸ ಮಾಡಿತ್ತು.

ದೆಲ್ಲಾ ವಲ್ಲೆ ಅಲ್ಲಿ ಒಂದು ಮನೆಗೂ ಹೋದ. ಗಂಡ ಸತ್ತ ಮೇಲೆ ಬೆಂಕಿಗೆ ಬೀಳಲು ನಿಶ್ಚಯಿಸಿದ್ದ ಹೆಂಗಸೊಬ್ಬಳ ಮನೆ ಅದು. ಅವನ ಬರಹದಲ್ಲಿ ಇರುವ ಹೆಸರನ್ನು ಜಕ್ಕಮ್ಮ ಎಂದು ಓದಬಹುದು. ಆಕೆ ತೆಲುಗು ಮೂಲದವಳು. ಗಂಡ ಡೋಲು ಬಡಿಯುವ ಕಸುಬಿನವನು. ಚಿಕ್ಕ ವಯಸ್ಸಿನ ಎರಡು ಮಕ್ಕಳು. ಬೇರೆ ಇಬ್ಬರು ಹೆಂಡಿರು ಸಾಯಲು ಒಪ್ಪಿರಲಿಲ್ಲ. ಈತ ಅಂಗಳದಲ್ಲಿ ಕುಳಿತು ದುಭಾಷಿಯ ಮೂಲಕ ಆಕೆಯನ್ನು ತಡೆಯಲು ನೋಡಿದ. ಆಕೆ ಒಪ್ಪಲಿಲ್ಲ. ಸಹಗಮನದ ವಿವರಕ್ಕಾಗಿ ಈ ಪುಟವನ್ನು ಹಲವರು ಓದಿದ್ದಾರೆ. ನಾವು ಅದನ್ನು ಇನ್ನೊಂದು ಕಾರಣಕ್ಕೆ ಓದುತ್ತೇವೆ. ನಾನೂರು ವರ್ಷದ ಹಿಂದಿನ ಸಾಗರ ಸೀಮೆಯ ಒಂದು ಬೀದಿಮನೆಯ ಒಳಗನ್ನು ಇಷ್ಟು ಹತ್ತಿರದಿಂದ ಕಂಡ ಪುಟ ಇನ್ನೊಂದಿಲ್ಲ. ಡೋಲಿನವನ ಕುಟುಂಬ ಹೊರನಾಡಿನಿಂದ ಬಂದದ್ದು. ಅವರ ಅನ್ನ ಅರಮನೆಯ ಮೆರವಣಿಗೆಯಿಂದ, ದೇವಸ್ಥಾನದ ಉತ್ಸವದಿಂದ ಹುಟ್ಟುತ್ತಿತ್ತು. ಅರಮನೆ ಎದ್ದು ಹೋದರೆ ಅವರೂ ಏಳಬೇಕು.

ಘಟ್ಟದ ದಾರಿಯಲ್ಲಿ ಅವನು ಕಂಡ ಇನ್ನೊಂದು ದೃಶ್ಯವಿದೆ. ಗುಡಿಯ ಮುಖಮಂಟಪದಲ್ಲಿ ಕೆಲವು ಹುಡುಗರು ನೆಲಕ್ಕೆ ಮರಳು ಹರಡಿಕೊಂಡು, ಬೆರಳಿಂದ ಬರೆಯುತ್ತ, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುತ್ತಿದ್ದರು. ಕಾಗದ ಖರ್ಚಾಗುವುದಿಲ್ಲ, ಒಬ್ಬರಿಗೊಬ್ಬರು ತಿದ್ದಿಕೊಳ್ಳುತ್ತಾರೆ. ಇಟಲಿಯವನಿಗೆ ಬೆರಗಾಯಿತು. ಆ ಹುಡುಗರು ಕಲಿತ ಲೆಕ್ಕ ಮುಂದೆ ಸುಂಕದ ಕಟ್ಟೆಯಲ್ಲೋ ಶಾನುಭೋಗಿಕೆಯಲ್ಲೋ ಬಳಕೆಯಾಗಿರಬೇಕು. ಆದರೆ ಯಾವ ಹುಡುಗನೂ ತನ್ನ ಬೀದಿಯ ಲೆಕ್ಕವನ್ನು ಬರೆದಿಡಲಿಲ್ಲ. ಬರೆದಿದ್ದರೂ ಮರಳಿನ ಮೇಲೆ.

1637ರಲ್ಲಿ ಇಂಗ್ಲೆಂಡಿನ ಪೀಟರ್ ಮಂಡಿಯೂ ಭಟ್ಕಳದಿಂದ ಇಕ್ಕೇರಿಗೆ ಬಂದ. ಆಗ ಅವರಿಗೆ ಬೇಕಿದ್ದದ್ದು ಮೆಣಸು, ಅದಕ್ಕಾಗಿ ಭಟ್ಕಳದಲ್ಲೊಂದು ಕೋಠಿ. ಅದೇ ವರ್ಷಗಳಲ್ಲಿ ವಿಜಾಪುರದ ಸೈನ್ಯ ಇಕ್ಕೇರಿಯ ಮೇಲೆ ಬಿತ್ತು. ವೀರಭದ್ರ ನಾಯಕ 1639ರ ಹೊತ್ತಿಗೆ ರಾಜಧಾನಿಯನ್ನು ಇನ್ನೂ ದಟ್ಟ ಕಾಡಿನೊಳಗಿನ ಬಿದನೂರಿಗೆ ಸಾಗಿಸಿದ. ಅಘೋರೇಶ್ವರನ ಗುಡಿ ಕಲ್ಲಿನದು, ಉಳಿಯಿತು. ಬೀದಿ ಸೋಗೆ ಮತ್ತು ಮಣ್ಣಿನದು, ಅರಮನೆಯ ಹಿಂದೆ ಹೋಯಿತು. ಇದು ಮೊದಲನೆಯ ಸಲ.

ಬಿದನೂರು, ನಗರ, ಹೊಸನಗರ

ಬಿದನೂರಿನಲ್ಲಿ ಶಿವಪ್ಪ ನಾಯಕ 1645ರಿಂದ 1660ರವರೆಗೆ ಆಳಿದ. ಅವನ ‘ಶಿಸ್ತು’ ಎಂಬ ಕಂದಾಯ ಪದ್ಧತಿ ಹೆಸರಾದದ್ದು. ಭೂಮಿಯನ್ನು ಫಲವತ್ತತೆ ನೋಡಿ ಐದು ತರಗತಿ ಮಾಡಿ, ಹಲವು ವರ್ಷಗಳ ಬೆಳೆ ಲೆಕ್ಕ ಹಾಕಿ ತೆರಿಗೆ ಕಟ್ಟಿದ. ಬ್ರಿಟಿಷ್ ಅಧಿಕಾರಿಗಳೂ ಅದನ್ನು ಮೆಚ್ಚಿ ಬರೆದರು. ಗದ್ದೆಯ ಒಂದೊಂದು ಮಡಿಯನ್ನೂ ಬಲ್ಲ ಆ ಸರಕಾರಕ್ಕೆ ಬೀದಿ ಕಂಡದ್ದು ಸುಂಕದ ಬಾಗಿಲಿನಲ್ಲಿ ಮಾತ್ರ. ಹೊಸಂಗಡಿ ಘಟ್ಟ ಇಳಿದು ಕುಂದಾಪುರದ ಕಡೆಗೆ ಎಷ್ಟು ಮೆಣಸು ಹೋಯಿತು, ಅಲ್ಲಿಂದ ಎಷ್ಟು ಉಪ್ಪು ಬಂತು ಎಂಬುದು ಗೊತ್ತಿತ್ತು. ಆ ಮೂಟೆಯನ್ನು ಹೊತ್ತವನು ರಾತ್ರಿ ಎಲ್ಲಿ ಮಲಗಿದ ಎಂಬುದು ಲೆಕ್ಕಕ್ಕೆ ಬರಲಿಲ್ಲ.

ತೀರ್ಥಹಳ್ಳಿಯ ಕವಲೇದುರ್ಗದಲ್ಲಿ ಇಂದಿಗೂ ಇದನ್ನೇ ನೋಡಬಹುದು. ಅಲ್ಲಿ ಮಣ್ಣು ಬಗೆದು ಅರಮನೆಯ ಅಡಿಪಾಯ ತೆಗೆದಿದ್ದಾರೆ, ಕಲ್ಲಿನ ಒಲೆ ಸಿಕ್ಕಿದೆ, ನೀರಿನ ಏರ್ಪಾಡು ಸಿಕ್ಕಿದೆ. ಅರಸನ ಅನ್ನ ಬೆಂದ ಒಲೆಯನ್ನು ನಾವು ಇಂದು ಮುಟ್ಟಿ ನೋಡಬಹುದು. ಕೋಟೆಯ ಕಲ್ಲು ಕಡಿದವನ ಮನೆಯ ಒಲೆ ಮಣ್ಣಿನದಾದ್ದರಿಂದ ಮಣ್ಣಾಗಿ ಹೋಗಿದೆ.

1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಹೈದರನಗರವೆಂದು ಹೆಸರಿಟ್ಟ. ಅಲ್ಲಿ ಟಂಕಸಾಲೆ ನಡೆಸಿದ, ಆಯುಧ ಶಾಲೆ ಕಟ್ಟಿಸಿದ. ಇಂದು ಆ ಊರಿಗೆ ಉಳಿದಿರುವ ‘ನಗರ’ ಎಂಬ ಹೆಸರು ಅದರದೇ ಬಾಲ. ಹೈದರನ ಹೆಸರು ಹೊತ್ತ ಊರೆಂಬ ಅಭಿಮಾನ ನಮ್ಮವರಲ್ಲಿದೆ, ಅದು ತಪ್ಪಲ್ಲ. ಆದರೆ ಬೀದಿಯಲ್ಲಿ ನಿಂತು ನೋಡಿದರೆ ಚಿತ್ರ ಬೇರೆ. 1763ರಲ್ಲಿ ಹೈದರನ ಸೈನ್ಯ ಬಂದಾಗ ಜನ ಮನೆ ಬಿಟ್ಟು ಕಾಡಿಗೆ ಓಡಿದರು, ಊರು ಲೂಟಿಯಾಯಿತು. 1783ರ ಆರಂಭದಲ್ಲಿ ಬ್ರಿಟಿಷ್ ಜನರಲ್ ಮ್ಯಾಥ್ಯೂಸ್ ಬಂದ, ಮತ್ತೆ ಲೂಟಿಯಾಯಿತು. ಅದೇ ವರ್ಷ ಟಿಪ್ಪು ಮುತ್ತಿಗೆ ಹಾಕಿ ಮರಳಿ ಪಡೆದ. ಇಪ್ಪತ್ತು ವರ್ಷಗಳಲ್ಲಿ ಮೂರು ಸಲ ಕೈ ಬದಲಾದ ಊರಿನಲ್ಲಿ ಅಂಗಡಿಯ ಬಾಗಿಲು ಎಷ್ಟು ಸಲ ಮುರಿದಿರಬೇಕು! ಬಾಗಿಲು ಮುರಿದವನ ಧರ್ಮ ಯಾವುದೆಂದು ಕೇಳುವ ವ್ಯವಧಾನ ಅಂಗಡಿಯವನಿಗೆ ಇರಲಿಲ್ಲ.

ಟಿಪ್ಪುವಿನ ಪತನದ ನಂತರ ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕಾನನ್ 1800–01ರಲ್ಲಿ ಈ ನಾಡೆಲ್ಲ ತಿರುಗಿದ. 1807ರಲ್ಲಿ ಮೂರು ಸಂಪುಟಗಳಾಗಿ ಬಂದ ಅವನ ಪ್ರವಾಸ ಕಥನ ಒಂದು ಬಗೆಯಲ್ಲಿ ಹೊಸ ಯಜಮಾನರು ತಮ್ಮ ಕೈಗೆ ಬಂದ ಸೊತ್ತಿನ ಪಟ್ಟಿ ಮಾಡಿಸಿದ್ದು. ಇಕ್ಕೇರಿಯಲ್ಲಿ ಒಂದು ಕಾಲಕ್ಕೆ ಒಂದು ಲಕ್ಷ ಮನೆಗಳಿದ್ದವು ಎಂದು ಜನ ಅವನಿಗೆ ಹೇಳಿದರು. ಅವನು ನಂಬಲಿಲ್ಲ, ನಾವೂ ನಂಬಬೇಕಿಲ್ಲ. ಅವನು ಕಂಡ ಇಕ್ಕೇರಿಯಲ್ಲಿ ಗುಡಿ ಬಿಟ್ಟರೆ ಹೆಚ್ಚೇನೂ ಉಳಿದಿರಲಿಲ್ಲ. ವ್ಯಾಪಾರವೆಲ್ಲ ಪಕ್ಕದ ಸಾಗರಕ್ಕೆ ಹೋಗಿತ್ತು. ಕಾಳುಮೆಣಸು, ಅಡಿಕೆ, ಏಲಕ್ಕಿ, ಶ್ರೀಗಂಧಗಳ ಬಗ್ಗೆ ಅವನು ಪುಟಗಟ್ಟಲೆ ಬರೆದ. ಅವನ್ನು ಸುಲಿದು, ಬೇಯಿಸಿ, ಒಣಗಿಸಿ, ಹೊತ್ತವರ ಸಂಸಾರದ ಬಗ್ಗೆ ಬರೆದದ್ದು ಕಡಿಮೆ.

1893ರಲ್ಲಿ ಮೈಸೂರು ಸರಕಾರ ತಾಲೂಕಿನ ಕಚೇರಿಯನ್ನು ನಗರದಿಂದ ಕಲ್ಲೂರುಕಟ್ಟೆಗೆ ಸಾಗಿಸಿತು. ಕಲ್ಲೂರುಕಟ್ಟೆ ಹೊಸನಗರವಾಯಿತು. ಯುದ್ಧವಿಲ್ಲ, ಬೆಂಕಿಯಿಲ್ಲ, ಒಂದು ಸರಕಾರಿ ಆದೇಶ ಮಾತ್ರ. ಆದರೆ ತಾಲೂಕು ಕಚೇರಿಯ ಹಿಂದೆ ಅರ್ಜಿ ಬರೆಯುವವನು ಹೋಗಬೇಕು, ಅವನ ಹಿಂದೆ ಚಹದಂಗಡಿ, ಅದರ ಹಿಂದೆ ದರ್ಜಿ, ಗಾಡಿಯವನು. ಭೂಮಿ ಇದ್ದವನು ನಗರದಲ್ಲೇ ಉಳಿದ. ಹಳೆಯ ನಗರದಲ್ಲಿ ಈಗ ಕೋಟೆ ಇದೆ, ದೇವಗಂಗೆಯ ಕೊಳವಿದೆ, ನೋಡಲು ಪ್ರವಾಸಿಗರು ಬರುತ್ತಾರೆ. ಬೀದಿ ಎರಡನೆಯ ಸಲ ಎದ್ದು ಹೋದದ್ದು ಹೀಗೆ.

ಸಾಗರದ ಪೇಟೆ

ಕೆಳದಿಗೂ ಇಕ್ಕೇರಿಗೂ ನಡುವೆ ನಾಯಕರು ಕಟ್ಟಿಸಿದ ಸದಾಶಿವ ಸಾಗರವೆಂಬ ಕೆರೆಯ ದಂಡೆಯಲ್ಲಿ ಬೆಳೆದ ಊರು ಸಾಗರ. ಆ ಕೆರೆಯೇ ಇಂದಿನ ಗಣಪತಿ ಕೆರೆ. ಇಕ್ಕೇರಿಯೂ ಬಿದನೂರೂ ಅರಸರನ್ನು ನೆಚ್ಚಿ ಕೆಟ್ಟವು. ಸಾಗರ ಅಡಿಕೆಯನ್ನು ನೆಚ್ಚಿ ಬದುಕಿತು. 1940ರ ಹೊತ್ತಿಗೆ ತಾಳಗುಪ್ಪದವರೆಗೆ ರೈಲು ಬಂದ ಮೇಲೆ ಅದಕ್ಕೆ ಇನ್ನಷ್ಟು ಕಸುವು ಬಂತು.

ಸಾಗರದ ಗುಡಿಗಾರರ ಕೆತ್ತನೆ ಹೊರದೇಶಗಳಲ್ಲೂ ಹೆಸರಾದದ್ದು. ಶ್ರೀಗಂಧದ ಪೆಟ್ಟಿಗೆಯ ಮೇಲೆ ಎಲೆಬಳ್ಳಿ ಬಿಡಿಸುವ ಕೈಗಳೇ ಮದುವೆಗೆ ಬೆಂಡಿನ ಬಾಸಿಂಗವನ್ನೂ ಮಾಡಿದವು. ಗಂಧದ ಮರ ಅಂದಿಗೂ ಇಂದಿಗೂ ಸರಕಾರದ ಹಿಡಿತದಲ್ಲಿದೆ. ಕಚ್ಚಾ ಮಾಲು ಸರಕಾರದ್ದು, ಮಾರುವ ಅಂಗಡಿ ದೂರದ ನಗರದ್ದು, ಕೈ ಮಾತ್ರ ಗುಡಿಗಾರನದು. ಒಂದು ಬೀದಿಯ ಹೆಸರು ಜಗತ್ತಿಗೆ ಗೊತ್ತಾದ ಮಾತ್ರಕ್ಕೆ ಆ ಬೀದಿಯ ಒಲೆ ಚೆನ್ನಾಗಿ ಉರಿಯುತ್ತದೆ ಎಂದಲ್ಲ.

ಅಡಿಕೆಯ ಪೇಟೆಯಲ್ಲಿ ಮುಸಲ್ಮಾನರಿಗೆ ಸಿಕ್ಕ ಜಾಗವೂ ಇದೇ ಬಗೆಯದು. ಹಿಂದೆ ಎತ್ತಿನ ಗಾಡಿ, ಆಮೇಲೆ ಲಾರಿ. ತೋಟದ ಫಸಲನ್ನು ಮರದ ಮೇಲಿರುವಾಗಲೇ ಕೊಳ್ಳುವ ಚೇಣಿ ವ್ಯಾಪಾರ ಕೆಲವರಿಗೆ. ನಾಟಾ ಕೊಯ್ಯುವ ಕೆಲಸ, ಹಾಸಿಗೆಗೆ ಹತ್ತಿ ಎಕ್ಕುವ ಕೆಲಸ, ಪಾತ್ರೆಗೆ ಕಲಾಯಿ ಹಾಕುವ ಕೆಲಸ, ಮೀನು, ಬಳೆ, ಗುಜರಿ. ಸ್ಟೀಲ್ ಪಾತ್ರೆ ಬಂದ ದಿನ ಕಲಾಯಿಯವನ ತಿದಿ ತಣ್ಣಗಾಯಿತು, ಫೋಮ್ ಹಾಸಿಗೆ ಬಂದ ದಿನ ಪಿಂಜಾರನ ಬಿಲ್ಲು ಗೋಡೆಗೆ ಒರಗಿತು. ಅಡಿಕೆಯ ಬೆಲೆ ಬಿದ್ದಾಗ ಬೆಳೆಗಾರರಿಗೆ ಸಹಕಾರಿ ಸಂಘವಿತ್ತು, ಸರಕಾರದ ಬೆಂಬಲ ಬೆಲೆಯ ಚರ್ಚೆ ನಡೆಯಿತು. ಕಲಾಯಿಯ ಬೆಲೆ ಬಿದ್ದದ್ದನ್ನು ಯಾವ ವಿಧಾನಸಭೆಯೂ ಚರ್ಚಿಸಲಿಲ್ಲ.

ಕಾಗೋಡು ಮತ್ತು ಲಿಂಗನಮಕ್ಕಿ

ಸಾಗರ ತಾಲೂಕಿನ ಹೆಸರನ್ನು ದೇಶದ ಚರಿತ್ರೆಯಲ್ಲಿ ಬರೆಸಿದ್ದು ಕಾಗೋಡು. 1951ರ ಏಪ್ರಿಲಿನಲ್ಲಿ ಅಲ್ಲಿನ ದೀವರ ಗೇಣಿದಾರರು, ಗೇಣಿ ಅಳೆಯುವ ಕೊಳಗದ ಗಾತ್ರದಲ್ಲಿ ಆಗುತ್ತಿದ್ದ ಮೋಸವನ್ನು ವಿರೋಧಿಸಿ ಸತ್ಯಾಗ್ರಹಕ್ಕೆ ಇಳಿದರು. ಎಚ್. ಗಣಪತಿಯಪ್ಪ ಸಂಘಟಿಸಿದರು, ಶಾಂತವೇರಿ ಗೋಪಾಲಗೌಡರು ಜೊತೆಯಾದರು, ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅದರ ಫಲ ಪೂರ್ತಿಯಾಗಿ ಕೈಗೆ ಬಂದದ್ದು ದೇವರಾಜ ಅರಸರ ಕಾಲದಲ್ಲಿ, 1974ರ ಭೂಸುಧಾರಣೆ ತಿದ್ದುಪಡಿಯಿಂದ. ಉಳುವವನೇ ಹೊಲದೊಡೆಯನಾದ. ನಮ್ಮ ನಾಡಿನಲ್ಲಿ ಬಡವರಿಗೆ ನಿಜವಾಗಿ ಏನಾದರೂ ಸಿಕ್ಕ ಕೆಲವೇ ಸಂದರ್ಭಗಳಲ್ಲಿ ಇದೊಂದು.

ಆದರೆ ಎರಡು ತಾರೀಖುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ಗೇಣಿದಾರನಿಗೆ ಒಡೆತನ ಬಂದದ್ದು 1974ರಲ್ಲಿ. ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತದ್ದು 1964ರಲ್ಲಿ. ಅದಕ್ಕೂ ಮೊದಲು, 1948ರಲ್ಲಿ, ಹಿರೇಭಾಸ್ಕರದ ಅಣೆಕಟ್ಟು ಒಂದಿಷ್ಟು ಊರುಗಳನ್ನು ಮುಳುಗಿಸಿತ್ತು. ಲಿಂಗನಮಕ್ಕಿಯ ನೀರು ಆ ಅಣೆಕಟ್ಟನ್ನೂ ನುಂಗಿತು. ಬಿರು ಬೇಸಗೆಯಲ್ಲಿ ಮಾತ್ರ ಅದು ಮತ್ತೆ ತಲೆ ತೋರಿಸುತ್ತದೆ. ಮುನ್ನೂರು ಚದರ ಕಿಲೋಮೀಟರಿನಷ್ಟು ನೆಲ, ಸುಮಾರು 152 ಟಿಎಂಸಿ ನೀರು. ಅದರಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ನಾಡಿನ ದೀಪಗಳು ಹೊತ್ತಿದವು.

ಹತ್ತು ವರ್ಷದ ಈ ಅಂತರದಲ್ಲಿ ಮುಳುಗಿದ ಗೇಣಿದಾರ, ಮುಳುಗುವಾಗ ಒಡೆಯನಾಗಿರಲಿಲ್ಲ. ಅಂದಿನ ಭೂಸ್ವಾಧೀನ ಕಾಯ್ದೆ ದಾಖಲೆಯಲ್ಲಿದ್ದ ಹಕ್ಕಿಗೆ ಬೆಲೆ ಕಟ್ಟುತ್ತಿತ್ತು, ಬೆವರಿಗೆ ಅಲ್ಲ. ಅವನಿಗಿಂತಲೂ ಕೆಳಗೆ ಇನ್ನೊಬ್ಬನಿದ್ದ. ಮುಳುಗಿದ ಊರುಗಳ ನಡುವೆ ಸೈಕಲ್ಲಿನ ಮೇಲೆ ಬಟ್ಟೆ ಮಾರುತ್ತಿದ್ದವನು, ಬಳೆ ತೊಡಿಸುತ್ತಿದ್ದವಳು, ಕ್ಷೌರ ಮಾಡುತ್ತಿದ್ದವನು, ಗಾಡಿಯ ಕೀಲಿಗೆ ಎಣ್ಣೆ ಹಾಕುತ್ತಿದ್ದವನು. ಇವರ ಹೊಲ ಮುಳುಗಲಿಲ್ಲ, ಏಕೆಂದರೆ ಹೊಲವೇ ಇರಲಿಲ್ಲ. ಮುಳುಗಿದ್ದು ಗಿರಾಕಿಗಳು. ಗಿರಾಕಿಗಳು ಶಿವಮೊಗ್ಗ ಜಿಲ್ಲೆಯ ಕಾಡುಕಾಡುಗಳಿಗೆ ಚದುರಿ ಹೋದಾಗ ಇವರ ಬದುಕು ಯಾವ ಕಡತದಲ್ಲೂ ದಾಖಲಾಗದೆ ಹೋಯಿತು. ಭೂಮಿ ಕಳೆದುಕೊಂಡು ಬದಲಿ ನೆಲ ಪಡೆದವರ ಪಾಡೂ ಹೇಳತೀರದು. ಕೊಟ್ಟ ನೆಲ ಕಾಗದದಲ್ಲಿ ಅರಣ್ಯವಾಗಿಯೇ ಉಳಿದಿದ್ದರಿಂದ, ಹಕ್ಕುಪತ್ರಕ್ಕಾಗಿ ಅವರ ಮೊಮ್ಮಕ್ಕಳೂ ಕಚೇರಿ ಅಲೆದಿದ್ದಾರೆ. ಹಾಗಿದ್ದರೂ ಅವರಿಗೆ ‘ಮುಳುಗಡೆ ಸಂತ್ರಸ್ತ’ ಎಂಬ ಹೆಸರಾದರೂ ಇದೆ. ಬೀದಿಯವನಿಗೆ ಅದೂ ಇಲ್ಲ. ಮೂರನೆಯ ಸಲ ಬೀದಿ ಎದ್ದು ಹೋದದ್ದನ್ನು ಯಾರೂ ನೋಡಲಿಲ್ಲ.

ನೋಡಿದವರು ಒಬ್ಬರಿದ್ದರು ಎನ್ನಬೇಕು. ಸಾಗರದ ನಾ. ಡಿಸೋಜಾ ಅವರು ಲೋಕೋಪಯೋಗಿ ಇಲಾಖೆಯ ನೌಕರರಾಗಿ ಈ ಯೋಜನೆಯನ್ನು ಹತ್ತಿರದಿಂದ ಕಂಡರು, ‘ಮುಳುಗಡೆ’ ಮತ್ತು ‘ದ್ವೀಪ’ ಕಾದಂಬರಿಗಳನ್ನು ಬರೆದರು. ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ 2002ರಲ್ಲಿ ಸಿನಿಮಾ ಮಾಡಿದರು. ಊರಿನ ಸಣ್ಣ ಕ್ರೈಸ್ತ ಸಮುದಾಯದಿಂದ ಬಂದ ಆ ಲೇಖಕ, ತಾನು ಕಂಡ ಎಲ್ಲರ ಕಷ್ಟವನ್ನೂ ತನ್ನದೆಂದು ಬರೆದು 2025ರ ಜನವರಿಯಲ್ಲಿ ತೀರಿಕೊಂಡರು. ಅವರ ಬರಹ ಇಲ್ಲದಿದ್ದರೆ ಆ ನೀರಿನ ಕೆಳಗೆ ಮನೆಗಳಿದ್ದವು ಎಂಬುದು ಹೊರಗಿನ ಓದುಗರಿಗೆ ಗೊತ್ತಾಗುತ್ತಲೇ ಇರಲಿಲ್ಲ.

ಹೊಳೆಬಾಗಿಲು

ಹಿನ್ನೀರಿನ ಆಚೆ ಉಳಿದ ಸಿಗಂದೂರಿನಲ್ಲಿ ಚೌಡೇಶ್ವರಿಯ ಗುಡಿ ಕೆಲವು ದಶಕಗಳಲ್ಲಿ ದೊಡ್ಡ ಯಾತ್ರಾಸ್ಥಳವಾಗಿ ಬೆಳೆಯಿತು. ಮಲೆನಾಡು, ಕರಾವಳಿಗಳಲ್ಲಿ ತೋಟದ ಬೇಲಿಗೆ, ಗದ್ದೆಯ ಗೇಟಿಗೆ ‘ಸಿಗಂದೂರು ಚೌಡೇಶ್ವರಿ ದೇವಿಯ ಕಾವಲಿದೆ’ ಎಂಬ ಬೋರ್ಡು ತೂಗುವುದನ್ನು ಯಾರೂ ಕಾಣದೆ ಇಲ್ಲ. ಕಳ್ಳನಿಗೆ ಪೊಲೀಸರಿಗಿಂತ ದೇವಿಯ ಭಯ ಹೆಚ್ಚೆಂಬ ನಂಬಿಕೆ ಅದು. ಆ ಬೋರ್ಡು ತೂಗುಹಾಕಲು ಒಂದು ಬೇಲಿ ಬೇಕು, ಬೇಲಿಯೊಳಗೆ ಕಾಯಲು ಒಂದು ಸೊತ್ತು ಬೇಕು. ದೇವಿಯ ದರ್ಶನಕ್ಕೆ ಬರುವವರನ್ನು ನಂಬಿ ಬದುಕಿದವರಲ್ಲಿ ಅನೇಕರಿಗೆ ಅದೆರಡೂ ಇರಲಿಲ್ಲ.

ಸಿಗಂದೂರಿಗೆ ಹೋಗಲು ಅಂಬಾರಗೋಡ್ಲಿನ ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಬೇಕಿತ್ತು. ಆಚೆ ದಡ ಕಳಸವಳ್ಳಿ. ಬಸ್ಸು, ಕಾರು, ಜನ ಎಲ್ಲ ಅದರ ಮೇಲೆಯೇ. ರಜೆಯ ದಿನ ಸರತಿ ಗಂಟೆಗಟ್ಟಲೆ. ಆ ಕಾಯುವಿಕೆಯೇ ಒಂದು ಬೀದಿಯನ್ನು ಹುಟ್ಟಿಸಿತು. ಕಾಯುವವರಿಗೆ ಚಹ ಬೇಕು, ಮಕ್ಕಳಿಗೆ ಚುರುಮುರಿ ಬೇಕು, ಅನಾನಸು ಹೋಳು ಬೇಕು, ಆಚೆ ದಡದಲ್ಲಿ ಗುಡಿಯವರೆಗೆ ಒಯ್ಯಲು ಜೀಪು ಬೇಕು. ಹಿನ್ನೀರಿನ ಊರುಗಳವರಿಗೆ ಮಾತ್ರ ಆ ಲಾಂಚ್ ಶಿಕ್ಷೆಯಾಗಿತ್ತು. ಬಸುರಿ ಹೆಂಗಸನ್ನು, ಹಾವು ಕಡಿದವನನ್ನು ರಾತ್ರಿ ದಾಟಿಸಲು ದಾರಿಯಿರಲಿಲ್ಲ. ಸೇತುವೆ ಬೇಕೆಂದು ಅವರು ದಶಕಗಟ್ಟಲೆ ಕೇಳಿದರು. ಕೊನೆಗೆ 2025ರ ಜುಲೈ 14ರಂದು, ಸುಮಾರು 470 ಕೋಟಿ ರೂಪಾಯಿ ವೆಚ್ಚದ, 2.44 ಕಿಲೋಮೀಟರ್ ಉದ್ದದ ಕೇಬಲ್ ಸೇತುವೆ ಉದ್ಘಾಟನೆಯಾಯಿತು. ನೀರು ಕೊಟ್ಟ ಜನಕ್ಕೆ ಅರುವತ್ತು ವರ್ಷಗಳ ಮೇಲೆ ದಾರಿ ಸಿಕ್ಕಿತು. ಇದು ಸಂತೋಷದ ಸಂಗತಿ. ಇದರಲ್ಲಿ ಎರಡು ಮಾತಿಲ್ಲ.

ಆದರೆ ಸರತಿ ಇಲ್ಲದ ಮೇಲೆ ಸರತಿಯ ಬೀದಿಯೂ ಇಲ್ಲ. ಕಾರು ಈಗ ಹೊಳೆಬಾಗಿಲಿನಲ್ಲಿ ನಿಲ್ಲುವುದಿಲ್ಲ, ನೇರ ಗುಡಿಯ ಮುಂದೆ ನಿಲ್ಲುತ್ತದೆ. ಜೀಪಿನವನಿಗೆ ಏರುವ ಗಿರಾಕಿಯಿಲ್ಲ, ಚಹದವನಿಗೆ ಕಾಯುವ ಗಿರಾಕಿಯಿಲ್ಲ. ನಾಲ್ಕನೆಯ ಸಲ ಬೀದಿ ಎದ್ದದ್ದು ನಮ್ಮ ಕಣ್ಣೆದುರೇ. ಸೇತುವೆಗಾಗಿ ನೆಲ ಬಿಟ್ಟವನಿಗೆ ಪರಿಹಾರವುಂಟು, ಗಿರಾಕಿ ಬಿಟ್ಟುಹೋದವನಿಗೆ ಏನುಂಟು?

ಕಾನೂನು ಈ ಪ್ರಶ್ನೆಯನ್ನು ಸ್ವಲ್ಪ ಮಟ್ಟಿಗೆ ಕೇಳಿಸಿಕೊಂಡಿದೆ. 2013ರ ಭೂಸ್ವಾಧೀನ ಕಾಯ್ದೆ, ನೆಲದ ಒಡೆಯನಲ್ಲದಿದ್ದರೂ ಆ ನೆಲವನ್ನು ನಂಬಿ ಮೂರು ವರ್ಷ ಬದುಕಿದ ಗೇಣಿದಾರ, ಕೂಲಿಕಾರ, ಕುಶಲಕರ್ಮಿಯನ್ನು ಬಾಧಿತ ಕುಟುಂಬವೆಂದು ಒಪ್ಪಿತು. ಲಿಂಗನಮಕ್ಕಿ ತುಂಬಿ ಅರ್ಧ ಶತಮಾನದ ಮೇಲೆ ಬಂದ ಅರಿವು ಅದು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ, ಬೀದಿಯಲ್ಲಿ ಮಾರುವವನನ್ನು ಎಣಿಸಿ ಪ್ರಮಾಣಪತ್ರ ಕೊಡಬೇಕು, ಎಬ್ಬಿಸುವ ಮೊದಲು ನೋಟೀಸು ಕೊಡಬೇಕು ಎಂದಿತು. ಆದರೆ ಅದು ನಗರ, ಪಟ್ಟಣಗಳಿಗೆ ಬರೆದ ಕಾಯ್ದೆ. ಹೊಳೆಬಾಗಿಲಿನಂಥ ಹಳ್ಳಿದಾರಿಯ ಬದಿಯವನು ಅದರ ಕಣ್ಣಿಗೂ ಬೀಳುವುದಿಲ್ಲ.

ಎಣಿಸುವ ಕಣ್ಣು

2006ರಲ್ಲಿ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯ ವರದಿ ಬಂದಾಗ, ದೇಶದ ಮುಸಲ್ಮಾನರು ಸ್ವಂತ ದುಡಿಮೆಯಲ್ಲಿ, ಅದರಲ್ಲೂ ಬೀದಿ ವ್ಯಾಪಾರದಲ್ಲಿ ಸರಾಸರಿಗಿಂತ ಹೆಚ್ಚಿದ್ದಾರೆ, ಖಾಯಂ ಸಂಬಳದ ನೌಕರಿಯಲ್ಲಿ ಕಡಿಮೆಯಿದ್ದಾರೆ ಎಂಬುದು ಅಂಕಿಯಾಗಿ ಹೊರಬಂತು. ಸಾಗರದ ಕಲಾಯಿಯವನೂ ಹೊಸನಗರದ ಗಾಡಿಯವನೂ ಒಬ್ಬೊಬ್ಬರಾಗಿ ಅನುಭವಿಸಿದ್ದು ಇಡೀ ದೇಶದ ಚಿತ್ರವೆಂದು ಆಗ ತಿಳಿಯಿತು. ಆ ವರದಿ ರಾಜ್ಯ, ಜಿಲ್ಲೆಗಳ ಮಟ್ಟದಲ್ಲಿ ನಿಂತಿತು. ಬೀದಿಗೆ ಇಳಿಯಲಿಲ್ಲ.

ಈಗ ದೇಶ ಮತ್ತೆ ಎಣಿಕೆಗೆ ಹೊರಟಿದೆ. 2027ರ ಮಾರ್ಚ್ 1ನ್ನು ಆಧಾರ ದಿನವೆಂದು ಗೊತ್ತುಮಾಡಿದ ಜನಗಣತಿಯಲ್ಲಿ, 1931ರ ನಂತರ ಮೊದಲ ಸಲ ಎಲ್ಲರ ಜಾತಿಯನ್ನೂ ಬರೆದುಕೊಳ್ಳುವುದೆಂದು ತೀರ್ಮಾನವಾಗಿದೆ. ಕರ್ನಾಟಕದ ಹಿಂದುಳಿದ ವರ್ಗಗಳ ಆಯೋಗ 2015ರಲ್ಲಿ ಒಮ್ಮೆ, 2025ರಲ್ಲಿ ಇನ್ನೊಮ್ಮೆ ಮನೆಮನೆ ಸಮೀಕ್ಷೆ ನಡೆಸಿದೆ. ನಮ್ಮ ಮೊಹಲ್ಲಾಗಳಲ್ಲಿ ಇದರ ಬಗ್ಗೆ ನಡೆಯುವ ಚರ್ಚೆಯೆಲ್ಲ ಒಂದೇ ಕಾಲಂ ಸುತ್ತ ತಿರುಗುತ್ತದೆ. ಏನೆಂದು ಬರೆಸುವುದು, ಮುಸ್ಲಿಮ್ ಎಂದಷ್ಟೇ ಸಾಕೋ, ಪಿಂಜಾರ, ನದಾಫ, ಕಸಾಬ ಎಂದೂ ಬರೆಸಬೇಕೋ? ಈ ಚರ್ಚೆ ಬೇಕು. ಮೀಸಲಾತಿಯ ಪ್ರಶ್ನೆ ಅದರಲ್ಲಿದೆ. ಆದರೆ ನಾನೂರು ವರ್ಷಗಳ ಈ ಕಥೆ ಇನ್ನೊಂದು ಮಾತನ್ನೂ ಹೇಳುತ್ತದೆ. ಡೋಲಿನವನ ಹೆಂಡತಿ, ಗುಡಿಗಾರ, ಕಲಾಯಿಯವನು, ಹೊಳೆಬಾಗಿಲಿನ ಚಹದವನು ಇವರ ಜಾತಿ ಧರ್ಮ ಬೇರೆಬೇರೆ. ಎದ್ದು ಹೋಗಬೇಕಾಗಿ ಬಂದ ಕಾರಣ ಒಂದೇ. ಕೂತ ನೆಲ ಅವರದಾಗಿರಲಿಲ್ಲ, ಅವರ ಕಸುಬಿಗೆ ಕಾಗದವಿರಲಿಲ್ಲ.

ಎಣಿಸುವವರು ಬರುವವರೆಗೆ ನಾವು ಕಾದು ಕೂರಬೇಕಾಗಿಲ್ಲ. ಬೂತ್‌ನಂತೆ ಹದಿನೇಳು ಸಂಪುಟ ಬರೆಯಲು ಹಡಗಿನ ವ್ಯಾಪಾರಿಯೇ ಬೇಕಾದೀತು. ಒಂದು ಬೀದಿಯನ್ನು ಬರೆಯಲು ಇನ್ನೂರು ಪುಟದ ಒಂದು ನೋಟುಬುಕ್ಕು, ಪಿಯುಸಿ ಓದುವ ನಾಲ್ಕು ಹುಡುಗ ಹುಡುಗಿಯರು ಸಾಕು. ಮಸೀದಿಯ ಕಮಿಟಿಯ ಹತ್ತಿರ ಚಂದಾ ಪುಸ್ತಕವಿರುತ್ತದೆ, ಯಾವ ಮನೆ ಎಷ್ಟು ಕೊಟ್ಟಿತು ಎಂಬ ಲೆಕ್ಕ ತಲೆಮಾರುಗಳಿಂದ ಉಂಟು. ಅದರ ಪಕ್ಕದಲ್ಲೇ ಇನ್ನೊಂದು ಪುಸ್ತಕ ಇಡಬಹುದು. ಮನೆಗೆ ಸೋಗೆಯೋ ಹೆಂಚೋ ತಾರಸಿಯೋ, ನೀರು ಎಲ್ಲಿಂದ, ನೆಲಕ್ಕೆ ಹಕ್ಕುಪತ್ರ ಇದೆಯೋ ಇಲ್ಲವೋ, ಅಜ್ಜ ಯಾವ ಊರಿನಿಂದ ಬಂದ, ಏನು ಕಸುಬು ಮಾಡುತ್ತಿದ್ದ, ಅದು ಯಾವಾಗ ನಿಂತಿತು, ಮೊಮ್ಮಗಳು ಯಾವ ಶಾಲೆಗೆ ಹೋಗುತ್ತಾಳೆ, ಕನ್ನಡವೋ ಉರ್ದುವೋ ಇಂಗ್ಲಿಷೋ, ಎಷ್ಟನೆಯ ತರಗತಿಗೆ ಬಿಟ್ಟಳು, ಯಾಕೆ ಬಿಟ್ಟಳು. ನಮ್ಮ ಮನೆಗಳನ್ನು ಮಾತ್ರವಲ್ಲ, ಅದೇ ಬೀದಿಯಲ್ಲಿರುವ ಕ್ಷೌರಿಕನ ಮನೆಯನ್ನೂ ಇಸ್ತ್ರಿಯವನ ಮನೆಯನ್ನೂ ಬರೆಯಬೇಕು. ಬೀದಿಯ ಲೆಕ್ಕವೆಂದ ಮೇಲೆ ಅರ್ಧ ಬೀದಿ ಬಿಡಲಾಗದು.

ಇಂಗ್ಲೆಂಡಿನ ನಕ್ಷೆ ಪೊಲೀಸಿನವನ ಕಣ್ಣಿನಿಂದ ಬಣ್ಣ ಪಡೆಯಿತು. ಇಕ್ಕೇರಿಯ ಬೀದಿ ಇಟಲಿಯವನ ಕಣ್ಣಿಗೆ ಬಿದ್ದು ಉಳಿಯಿತು. ಸಾಗರದ್ದು ಕಂಪನಿಯ ವೈದ್ಯನ ಕಣ್ಣಿಗೆ. ಆ ಬೀದಿಯಲ್ಲಿ ಹುಟ್ಟಿದವರೇ ಬರೆದ ಲೆಕ್ಕ ಮಾತ್ರ ಇನ್ನೂ ಬರಬೇಕಾಗಿದೆ. ಅದು ಬಂದರೆ, ಐದನೆಯ ಸಲ ಯಾರಾದರೂ ಬಂದು ಏಳಿರಿ ಎಂದಾಗ, ಏಳುವ ಮೊದಲು ಕೈಯಲ್ಲಿ ತೋರಿಸಲು ಒಂದು ಕಾಗದವಾದರೂ ಇರುತ್ತದೆ.